ಇಬ್ಬರಿಗೊಂದು ಲೆನ್ಸ್

ನನ್ನ ಕ್ಯಾಮೆರಾ ಕೈಕೊಟ್ಟದ್ದು ಕಡಲಹದ್ದು ಕಾಲಲ್ಲಿ ಮೀನು ಹಿಡಿದು ನನ್ನ ನೆತ್ತಿಯ ಮೇಲೇ ಹಾದುಹೋಗುವ ಹೊತ್ತಿನಲ್ಲಿ. ಬೇರೆ ಯಾವಾಗ ಬೇಕಾದರೂ ಕೆಡಬಹುದಿತ್ತು ಮುಂಡೇದು, ಅಡುಗೆಮನೆಯ ಮೇಜಿನ ಮೇಲೆ ಕೂತೇ ಕೆಡಬಹುದಿತ್ತು. ಒಳಗಿನ ಕನ್ನಡಿ ಟಪ್ಪೆಂದು ಮೇಲೆ ಹೋದದ್ದು ಕೆಳಗೆ ಇಳಿಯಲೇ ಇಲ್ಲ. ಕಣ್ಣಿಡುವ ಕಿಂಡಿಯಲ್ಲಿ ಬರೀ ಕತ್ತಲು. ನಾನು ಬಂಡೆಯ ಮೇಲೆ ಕೂತು ಬೈದ ಬೈಗುಳ ನಮ್ಮೂರು ಸ್ಟ್ಯಾನ್ಲಿಯ ಬಂದರಿನ ತನಕ ಕೇಳಿಸಿತಂತೆ. ಕೆಲಸದಲ್ಲಿದ್ದಷ್ಟು ಕಾಲವೂ ಶಾಲೆಯ ಬಸ್ಸು ಓಡಿಸಿದವಳು ನಾನು, ಗಂಟಲು ಇನ್ನೂ ಗಟ್ಟಿಯಾಗಿದೆ.

ನಿಜ ಹೇಳಬೇಕೆಂದರೆ ಹದ್ದು ತಪ್ಪಿಹೋದದ್ದಕ್ಕಲ್ಲ ನನಗೆ ಎದೆ ಝಲ್ಲೆಂದದ್ದು. ಇನ್ನು ಹೊಸ ಕ್ಯಾಮೆರಾ ತೆಗೆದುಕೊಳ್ಳಬೇಕು. ತೆಗೆದುಕೊಳ್ಳುವಾಗ ಕಂಪನಿಯನ್ನೇ ಬದಲಾಯಿಸು ಎಂದು ಎಲ್ಲರೂ ಹೇಳುತ್ತಾರೆ. ಬದಲಾಯಿಸಿದರೆ ಆ ದೊಡ್ಡ ಲೆನ್ಸು ಅದಕ್ಕೆ ಕೂರುವುದಿಲ್ಲ. ಆ ಲೆನ್ಸಿಲ್ಲದಿದ್ದರೆ ಮರ್ವ್ ನಮ್ಮ ಮನೆಗೆ ಬರುವುದಿಲ್ಲ. ಇಷ್ಟೂ ಒಂದೇ ಉಸಿರಿಗೆ ತಲೆಯಲ್ಲಿ ಓಡಿಹೋಯಿತು.

ಆ ಲೆನ್ಸು ನನ್ನದೂ ಹೌದು, ಮರ್ವ್ ಪಾಸ್ಕೋನದೂ ಹೌದು. ಸ್ಮಿತ್‌ಟನ್ನಿನಲ್ಲಿದ್ದ ಹಲ್ಲಿನ ಡಾಕ್ಟರೊಬ್ಬರು ಊರು ಬಿಡುವಾಗ ಅದನ್ನು ಮಾರಾಟಕ್ಕಿಟ್ಟಿದ್ದರು. ನಾನು ಬೆಳಿಗ್ಗೆಯೇ ಓಡಿದರೆ ಅವರ ಜಗಲಿಯ ಮೇಲೆ ಆಗಲೇ ಒಬ್ಬ ಗಂಡಸು ಅದನ್ನು ಮಗುವಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಮುಖ ಗೊತ್ತಿತ್ತು. ನಮ್ಮೂರವನೇ, ದೋಣಿಯಲ್ಲಿ ಹೋಗಿ ಬುಟ್ಟಿ ಮುಳುಗಿಸಿ ಕ್ರೇಫಿಶ್ ಎಂಬ ದೊಡ್ಡ ಸೀಗಡಿ ಹಿಡಿಯುತ್ತಿದ್ದವನು, ಅದರ ಹಿಂದಿನ ವರ್ಷವಷ್ಟೇ ಹೆಂಡತಿಯನ್ನು ಮಣ್ಣು ಮಾಡಿದ್ದವನು. ಮಾತಾಡಿದ್ದಿಲ್ಲ.

"ನಾನು ನಿನ್ನೇನೇ ಫೋನ್ ಮಾಡಿ ಹೇಳಿದೀನಿ," ಅಂದೆ.

"ನಾನು ಮೊನ್ನೇನೇ ಮಾಡಿದೀನಿ," ಅಂದ.

"ಹಾಗಿದ್ರೆ ದುಡ್ಡು ಕೊಟ್ಟು ಎತ್ಕೊಂಡ್ ಹೋಗ್ಬೇಕಿತ್ತು. ಕಾವಿಗೆ ಕೂತ ಕೋಳಿ ಥರ ಕೂತಿದೀಯಲ್ಲ?"

"ದುಡ್ಡು ಅರ್ಧಾನೇ ಇರೋದು," ಅಂದ, ಕಿವಿ ಕೆಂಪಗೆ ಮಾಡಿಕೊಂಡು.

ನನ್ನಲ್ಲೂ ಇದ್ದದ್ದು ಅಷ್ಟೇ. ಡಾಕ್ಟರು ಬಾಗಿಲಲ್ಲಿ ನಿಂತು, "ಇಬ್ರೂ ಸೇರಿ ತಗೊಳ್ಳಿ, ಇಲ್ಲಾ ಗೇಟಿನಾಚೆ ಹೋಗಿ ಕಿತ್ತಾಡಿ, ನಾನು ಸಾಮಾನು ಕಟ್ಬೇಕು," ಅಂದರು. ಹಾಗೆ ಅದು ಇಬ್ಬರದಾಯಿತು.

ಹದಿನೈದು ದಿನ ಅವನ ಹತ್ತಿರ, ಹದಿನೈದು ದಿನ ನನ್ನ ಹತ್ತಿರ. ಕೈ ಬದಲಾಗುವುದು ಭಾನುವಾರ, ನಮ್ಮ ಮನೆಯಲ್ಲಿ. ಆಗ ಒಬ್ಬರ ಮೇಲೊಬ್ಬರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಅದಕ್ಕೇ ಒಂದು ಕಟ್ಟಳೆ ಮಾಡಿಕೊಂಡೆವು. ಕೊಡುವವರು ತಮ್ಮ ಕ್ಯಾಮೆರಾಕ್ಕೆ ಲೆನ್ಸು ಹಾಕಿ, ತೆಗೆದುಕೊಳ್ಳುವವರ ಎದುರಿಗೇ ಒಂದು ಫೋಟೋ ತೆಗೆದು, ಎಲ್ಲ ಸರಿಯಾಗಿದೆಯೆಂದು ತೋರಿಸಬೇಕು. ಆ ಲೆನ್ಸಿಗೆ ಹತ್ತಿರದ್ದು ಕಾಣುವುದಿಲ್ಲ. ಹಾಗಾಗಿ ತೆಗೆದುಕೊಳ್ಳುವವರು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ತಂತಿಯ ಪಕ್ಕ ನಿಲ್ಲುವುದು, ಕೊಡುವವರು ಅಡುಗೆಮನೆಯ ಕಿಟಕಿಯಿಂದ ಕ್ಲಿಕ್ಕಿಸುವುದು. ಆಮೇಲೆ ಬಿಚ್ಚಿ ಕೈಗೆ ಕೊಡುವುದು. ಆಮೇಲೆ ಟೀ.

ನಂಬಿಕೆ ಬಂದು ಎಷ್ಟೋ ಕಾಲವಾಯಿತು, ಕಟ್ಟಳೆಯನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ನಾನು ಚಿಪ್ಪುಮೀನು ತುಂಬಿದ ಸ್ಕ್ಯಾಲಪ್ ಪೈ ಬೇಯಿಸುತ್ತೇನೆ. ಮರ್ವ್ ಒಲೆಯ ಪಕ್ಕದ ಕುರ್ಚಿಯಲ್ಲಿ ಕೂತು ತಿನ್ನುತ್ತಾನೆ. ಮಾತಾಡುವುದು ನನ್ನನ್ನು ನೋಡಿಯಲ್ಲ, ಕಿಟಕಿಯನ್ನು ನೋಡಿ. ಆಡುವುದೂ ಹಕ್ಕಿಯ ಮಾತೇ. ಯಾವ ಬಂಡೆಯ ಮೇಲೆ ಕಡಲಕಾಗೆ ಗೂಡು ಕಟ್ಟಿದೆ, ಮಟನ್‌ಬರ್ಡುಗಳು ಈ ಸಲ ಕಡಲು ದಾಟಿ ಎಂದು ಬಂದವು, ಇಂಥವೇ. ನಾನು ಹೂಂ ಹೂಂ ಎನ್ನುತ್ತಾ ಅವನ ದಪ್ಪ ಬೆರಳುಗಳನ್ನು ನೋಡುತ್ತಿರುತ್ತೇನೆ. ಹಗ್ಗ ಎಳೆದೆಳೆದು ಒರಟಾದ ಬೆರಳು, ಪೈಯನ್ನು ಮಾತ್ರ ಹಕ್ಕಿಮರಿಯ ಹಾಗೆ ಹಿಡಿಯುತ್ತಾನೆ. ಸಂಜೆಯಾಗುತ್ತಲೂ ಎದ್ದು ಹೋಗುತ್ತಾನೆ. ಅವನು ಹೋದ ಮೇಲೆ ಆ ಕುರ್ಚಿಯನ್ನು ಮೇಜಿನ ಕೆಳಗೆ ಸರಿಸಲು ನನಗೆ ಮನಸ್ಸು ಬರುವುದಿಲ್ಲ, ಮಾರನೆಯ ದಿನದವರೆಗೂ ಹಾಗೇ ಬಿಟ್ಟಿರುತ್ತೇನೆ.

ನನಗೆ ಅವನು ಬೇಕು. ಅರವತ್ತು ದಾಟಿದವಳು ಹೀಗೆ ಹೇಳಬಾರದು ಎನ್ನುವವರು ಅಂದುಕೊಳ್ಳಲಿ. ನನ್ನ ಗಂಡನೆನಿಸಿಕೊಂಡವನು ಗಣಿ ಕೆಲಸಕ್ಕೆಂದು ಪಶ್ಚಿಮಕ್ಕೆ ಹೋಗಿ ಅಲ್ಲೇ ಒಬ್ಬಳನ್ನು ಕಟ್ಟಿಕೊಂಡ. ಅವನಿಗಾಗಿ ನಾನು ಒಂದು ದಿನವೂ ಬಾಗಿಲು ನೋಡಿದವಳಲ್ಲ. ಈ ಮನುಷ್ಯನಿಗಾಗಿ ಬುಧವಾರದಿಂದಲೇ ಭಾನುವಾರವನ್ನು ಕಾಯುತ್ತೇನೆ. ಅದನ್ನು ಹೇಳುವ ಬಾಯಿ ಮಾತ್ರ ನನಗಿಲ್ಲ. ಬೈಯುವುದಕ್ಕೆ ಬೇಕಾದಷ್ಟಿದೆ.

ಈಚೀಚೆಗೆ ಇನ್ನೊಂದು ವಿಷಯ ಒಳಗೇ ಕೊರೆಯುತ್ತಿತ್ತು. ಮೊದಲೆಲ್ಲ ಲೆನ್ಸು ವಾಪಸು ತರುವಾಗ ತೆಗೆದ ಫೋಟೋಗಳನ್ನೂ ತಂದು ತೋರಿಸುತ್ತಿದ್ದ. ವರ್ಷದಿಂದ ಅದು ನಿಂತಿತ್ತು. ಕೇಳಿದರೆ, "ಬೆಳಕು ಸರಿ ಇರ್ಲಿಲ್ಲ," "ಏನೂ ಸಿಗ್ಲಿಲ್ಲ." ಅವನಿಗೆ ಬೇಸರ ಬಂದಿದೆ, ನನ್ನ ಮೇಲೋ ಹಕ್ಕಿಗಳ ಮೇಲೋ ಎಂದು ನಾನು ತಲೆ ಕೆಡಿಸಿಕೊಂಡಿದ್ದೆ.

ಕ್ಯಾಮೆರಾ ಕೆಟ್ಟ ಸುದ್ದಿ ಹೇಳಿದ್ದೇ ತಡ, ನನ್ನ ತಂಗಿ ನೋಲೀನ್ ಕುಣಿದಾಡಿಬಿಟ್ಟಳು.

"ಒಳ್ಳೇದೇ ಆಯ್ತು ಬಿಡು ಅಕ್ಕ! ಆ ಒನಕೆ ಹೊತ್ಕೊಂಡು ಕೈ ಏನಾಗಿದೆ ನೋಡ್ಕೋ. ಮಣಿಕಟ್ಟಿನ ಡಾಕ್ಟ್ರು ಏನಂದ್ರು? ಭಾರ ಎತ್ತಿದ್ರೆ ಆಪರೇಷನ್ನು ಅಂದ್ರೋ ಇಲ್ವೋ? ಹಗುರದ್ದು ತಗೋ. ಈಗ ಎಂತೆಂಥಾ ಕಂಪನಿ ಬಂದಿವೆ."

"ಲೆನ್ಸು ಇದೆಯಲ್ಲೇ."

"ಲೆನ್ಸ್ ಬಿಡಕ್ಕಾಗಲ್ವೋ, ಲೆನ್ಸ್ ತರೋನನ್ನ ಬಿಡಕ್ಕಾಗಲ್ವೋ?"

"ಬಾಯಿ ಮುಚ್ಚೇ ಸಾಕು."

"ನಾನ್ ಮುಚ್ತೀನಿ. ನೀನು ಒಂದ್ಸಲ ಬಿಡು ಬಾಯಿ," ಅಂದಳು. ಅವಳ ಜೊತೆ ಮಾತಿಗೆ ನಿಂತರೆ ನನಗೇ ನಷ್ಟ.

ಆ ಭಾನುವಾರ ಮರ್ವ್ ಲೆನ್ಸು ತೆಗೆದುಕೊಂಡು ಹೋಗಲು ಬಂದ. ನನ್ನ ಕ್ಯಾಮೆರಾ ಸತ್ತಿದ್ದರಿಂದ ಫೋಟೋ ತೆಗೆದು ತೋರಿಸುವ ಹಾಗಿರಲಿಲ್ಲ. "ನಂಬ್ತೀನಿ ಬಿಡು," ಅಂದ. ಪೈ ತಿಂದ. ಕಿಟಕಿಯನ್ನು ನೋಡುತ್ತಲೇ ಕೇಳಿದ.

"ಬೇರೆ ಕಂಪನಿಗೆ ಹೋಗ್ತೀಯಾ ಗ್ಲೆನ್?"

"ನೀನೇನಂತೀಯ?"

ಹೋಗಬೇಡ ಅನ್ನು ಮರ್ವ್, ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಒಂದೇ ಒಂದು ಮಾತು ಅನ್ನು.

"ಕೈ ನಿಂದು, ಕ್ಯಾಮೆರಾ ನಿಂದು," ಅಂದ. "ನಾನೇನು ಹೇಳ್ಲಿ."

ಲೆನ್ಸಿನ ಪೆಟ್ಟಿಗೆ ಎತ್ತಿಕೊಂಡು ಹೋದ. ನಾನು ಅವನ ಬಟ್ಟಲನ್ನು ತೊಳೆಯುವಾಗ ಹಿಡಿ ಮುರಿಯುವಷ್ಟು ಜೋರಾಗಿ ಉಜ್ಜಿದೆ. ಅಳು ಬಂತು. ಗಂಡ ಬಿಟ್ಟುಹೋದಾಗಲೂ ಅಷ್ಟು ಬಂದಿರಲಿಲ್ಲ.

ಬರ್ನಿಯ ಕ್ಯಾಮೆರಾ ಅಂಗಡಿಯವನು ಲ್ಯಾಕ್ಲನ್ ಎಂದು. ಹುಡುಗನಾಗಿದ್ದಾಗ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಚೂಯಿಂಗ್ ಗಮ್ ಅಂಟಿಸುತ್ತಿದ್ದವನು. ಈಗ ಎದೆಯುದ್ದ ಗಡ್ಡ ಬಿಟ್ಟಿದ್ದಾನೆ, ನನ್ನನ್ನು ಕಂಡರೆ ಇಂದಿಗೂ ನೆಟ್ಟಗೆ ನಿಲ್ಲುತ್ತಾನೆ. ನಮ್ಮ ಕಡೆ ಕ್ಯಾಮೆರಾದವರು ಕಂಪನಿಯ ಹೆಸರು ಹೇಳುವುದು ಕಡಿಮೆ, ಕೊರಳಿನ ಪಟ್ಟಿಯ ಬಣ್ಣವನ್ನೇ ಹೇಳುತ್ತೇವೆ. ನಾನೂ ಮರ್ವೂ ಹಳದಿ ಪಟ್ಟಿಯವರು. ಪಕ್ಕಾ ಹಳದಿ.

"ನಿಜ ಹೇಳ್ಲಾ ಗ್ಲೆನಿಸ್?" ಅಂದ ಲ್ಯಾಕ್ಲನ್. "ಕನ್ನಡಿ ಇರೋ ಕ್ಯಾಮೆರಾಗಳ ಕಾಲ ಮುಗೀತು. ಹಳದಿಯವರದೇ ಬೇಕಂದ್ರೆ ಕನ್ನಡಿ ಇಲ್ದಿರೋ ಹೊಸದು ತಗೊಂಡು, ನಡುವೆ ಒಂದು ಬಳೆ ಹಾಕಿ ನಿಮ್ ಹಳೇ ಲೆನ್ಸ್ ಕೂರಿಸ್ಬೋದು. ಚೆನ್ನಾಗೇ ಕೂರತ್ತೆ. ಆದ್ರೆ ಭಾರ ಕಮ್ಮಿ ಆಗಲ್ಲ. ಈಗ ಇದನ್ನ ಹಿಡ್ದು ನೋಡಿ."

ನೀಲಿಯವರ ಕ್ಯಾಮೆರಾವನ್ನು ಉದ್ದ ಲೆನ್ಸಿನ ಸಮೇತ ನನ್ನ ಕೈಗಿಟ್ಟ. ಅಯ್ಯೋ ದೇವರೇ, ಎರಡು ಪೌಂಡು ಬ್ರೆಡ್ಡಿಗಿಂತ ಸ್ವಲ್ಪ ಹೆಚ್ಚೇನೋ! ಕಣ್ಣಿಗೆ ಹಿಡಿದರೆ ಎದುರು ಮಾಡಿನ ಮೇಲೆ ಕೂತಿದ್ದ ಕಡಲಕಾಗೆಯ ಕಣ್ಣಿಗೆ ತಾನೇ ಒಂದು ಪುಟ್ಟ ಚೌಕ ಹಾಕಿ, ಅದು ಹಾರಿದರೂ ಬಿಡದೆ ಹಿಡಿದುಕೊಂಡಿತು. ಮಣಿಕಟ್ಟಿನಲ್ಲಿ ನೋವೇ ಇಲ್ಲ. ಆಸೆಯಾಯಿತು. ಎಷ್ಟು ಆಸೆಯಾಯಿತೆಂದರೆ ಬೇಗ ಕೆಳಗಿಟ್ಟುಬಿಡೋಣ ಎಂದು ಲೆನ್ಸು ಬಿಚ್ಚಲು ಹೋದೆ. ಬರಲೊಲ್ಲದು. ಹಲ್ಲು ಕಚ್ಚಿ ತಿರುಗಿಸಿದೆ.

"ಆ ಕಡೆ ಅಲ್ಲ, ಈ ಕಡೆ, ಮುರೀಬೇಡಿ!" ಎಂದು ಲ್ಯಾಕ್ಲನ್ ಕೈ ಹಿಡಿದುಕೊಂಡ. "ಹಳದಿಯವರದೊಂದೇ ಆ ಕಡೆ ತಿರುಗಿ ಬಿಚ್ಕೊಳ್ಳೋದು. ನೀಲಿ, ಕೆಂಪು, ಉಳಿದೋರೆಲ್ಲಾ ಉಲ್ಟಾ. ಕಂಪನಿ ಬದಲಾಯಿಸಿದೋರು ಮೊದ್ಲು ಎಲ್ಲಾ ಹೀಗೇ ಒದ್ದಾಡೋದು. ತಿಂಗಳುಗಟ್ಲೆ ಬೇಕು ಕೈಗೆ. ಆದ್ರೆ ಒಂದ್ಸಲ ಹೊಸದು ಕಲೀತು ಅಂದ್ರೆ ಹಳೇದು ಮರೆತೇ ಹೋಗತ್ತೆ."

"ನನ್ ಕೈ ಅಷ್ಟು ಸುಲಭಕ್ಕೆ ಮರೆಯಲ್ಲಪ್ಪ."

"ಹಳೇ ಲೆನ್ಸ್ ಕೊಟ್ರೆ ನಾನೇ ಇಟ್ಕೋತೀನಿ, ಒಳ್ಳೇ ಬೆಲೆ ಕೊಡ್ತೀನಿ. ಆದ್ರೆ ಅದ್ರಲ್ಲಿ ಇನ್ನೊಬ್ರ ಪಾಲಿದೆ ಅಂದ್ರಲ್ಲ, ಅವರನ್ನ ಕೇಳ್ಕೊಂಡ್ ಬನ್ನಿ."

ಅದೇ ತಾನೇ ಆಗದ ಮಾತು. ಬರ್ನಿಯಿಂದ ಊರಿಗೆ ಕಾರು ಓಡಿಸಿಕೊಂಡು ಬರುವ ದಾರಿಯಲ್ಲೇ ತೀರ್ಮಾನ ಮಾಡಿದೆ. ಹಳದಿಯಲ್ಲೇ ಇರುತ್ತೇನೆ. ಕೈ ಹೋದರೆ ಹೋಗಲಿ, ಇನ್ನೊಂದಿದೆ. ಭಾರದ ಕ್ಯಾಮೆರಾ, ಭಾರದ ಲೆನ್ಸು, ನಡುವಿನ ಬಳೆ, ಎಲ್ಲ ಹೊರುತ್ತೇನೆ. ಹದಿನೈದು ದಿನಕ್ಕೊಮ್ಮೆ ಗೇಟು ಕಿರ್ರೆಂದರೆ ಸಾಕು. ಬುದ್ಧಿ ಇದ್ದವರು ಮಾಡುವ ಕೆಲಸವಲ್ಲ ಅದು, ಗೊತ್ತಿತ್ತು. ಬುದ್ಧಿಯನ್ನು ಕಟ್ಟಿಕೊಂಡು ಬೇಕಾದಷ್ಟು ವರ್ಷ ಬಾಳಿದ್ದೆ.

"ಕೈ ಮುರ್ಕೊಂಡು ಕೂತ್ಕೋ," ಎಂದು ನೋಲೀನ್ ಫೋನಿನಲ್ಲೇ ಕೂಗಾಡಿದಳು. "ಆಮೇಲೆ ಚಮಚದಲ್ಲಿ ತಿನ್ಸಕ್ಕೆ ಮರ್ವ್ ಬರ್ತಾನಾ?"

ಬಂದರೆ ಬೇಡವೆನ್ನುತ್ತೇನೆಯೇ? ಅದನ್ನು ಅವಳಿಗೆ ಹೇಳಲಿಲ್ಲ.

ಮುಂದಿನ ಸರದಿಯ ಭಾನುವಾರ ಪಡುವಣ ಗಾಳಿ ಎದ್ದಿತ್ತು. ಮನೆಯ ತಗಡು ಹಾರಿಹೋಗುವ ಹಾಗೆ ಬಡಿದುಕೊಳ್ಳುತ್ತಿತ್ತು. ಮರ್ವ್ ಲೆನ್ಸಿನ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಬಂದ. ನಾನು ಹಳದಿಯಲ್ಲೇ ಇರುತ್ತೇನೆಂಬ ಸುದ್ದಿಯನ್ನು ಪೈ ಕೊಡುವಾಗ ಹೇಳಬೇಕೆಂದು ಇಟ್ಟುಕೊಂಡಿದ್ದೆ. ಆಗ ಅವನ ಮುಖ ಹೇಗಾಗುತ್ತದೆ ಎಂದು ನೋಡುವ ಆಸೆ.

ಕಟ್ಟಳೆಯ ಪ್ರಕಾರ ಅವನು ತನ್ನ ಕ್ಯಾಮೆರಾಕ್ಕೆ ಲೆನ್ಸು ಹಾಕಿದ. ನಾನು ತಂತಿಯ ಹತ್ತಿರ ಹೋಗಿ ಮುಖ ಗಂಟಿಕ್ಕಿಕೊಂಡು ನಿಂತೆ. ಬೇರೆ ದಿನವಾದರೆ ನಿಧಾನಕ್ಕೆ, ಬಟ್ಟೆಯ ಕ್ಲಿಪ್ಪುಗಳನ್ನು ಹೆಕ್ಕಿಕೊಂಡು ಒಳಗೆ ಬರುವವಳು, ಅಷ್ಟರಲ್ಲಿ ಅವನು ಬಿಚ್ಚಿಟ್ಟಿರುತ್ತಿದ್ದ. ಆವತ್ತು ಗಾಳಿಗೆ ನಿಲ್ಲಲಾರದೆ ಓಡಿ ಬಂದೆ. ನಾನು ಬಾಗಿಲಿಗೆ ಬಂದದ್ದು ಅವನಿಗೆ ಕೇಳಿಸಲಿಲ್ಲ.

ಲೆನ್ಸನ್ನು ಮೇಜಿನ ಮೇಲೆ ಮಲಗಿಸಿ, ಕ್ಯಾಮೆರಾವನ್ನು ಹಿಡಿದು ತಿರುಗಿಸುತ್ತಿದ್ದ. ತಪ್ಪು ಕಡೆಗೆ. ಬರಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಅದೇ ಕಡೆಗೆ. ಅಷ್ಟು ವರ್ಷ ಕಣ್ಣು ಮುಚ್ಚಿಕೊಂಡು ದೋಣಿಯ ಮೇಲೆ ಅದನ್ನು ಬಿಚ್ಚಿ ಹಾಕಿದ ಮನುಷ್ಯ! ತನ್ನ ಕೈಯನ್ನೇ ತಾನು ಒಂದು ಗಳಿಗೆ ಗುರಾಯಿಸಿ ನೋಡಿ, ಆಮೇಲೆ ಯೋಚಿಸಿ ಯೋಚಿಸಿ ಸರಿಯಾದ ಕಡೆಗೆ ತಿರುಗಿಸಿದ. ಟಕ್ಕೆಂದು ಬಿಚ್ಚಿಕೊಂಡಿತು.

ನನಗೆ ತಿಳಿಯಿತು. ಹಕ್ಕಿಯ ಫೋಟೋ ತೆಗೆಯುವ ಯಾರಿಗಾದರೂ ತಿಳಿಯುತ್ತಿತ್ತು.

"ಯಾವ ಬಣ್ಣ ಮರ್ವ್?" ಅಂದೆ.

ಬೆಚ್ಚಿ ತಿರುಗಿದ. "ಏನು?"

"ನಾಟಕ ಆಡ್ಬೇಡ. ನಿನ್ ಕೈ ಉಲ್ಟಾ ತಿರುಗ್ತಿದೆ. ಯಾವ ಬಣ್ಣಕ್ಕೆ ಹೋದೆ?"

ಅವನ ಕಿವಿ ಕೆಂಪಗಾಯಿತು. "ಕೆಂಪು," ಅಂದ, ನೆಲವನ್ನು ನೋಡುತ್ತಾ. "ಹೆಗಲು ಏಳ್ತಿರ್ಲಿಲ್ಲ ಗ್ಲೆನ್. ಬುಟ್ಟಿ ಎಳೆದೆಳೆದು ಹೋಗ್ಬಿಟ್ಟಿದೆ. ಹೋದ್ ವರ್ಷ ಚಳಿಗಾಲಕ್ ಮುಂಚೇನೇ..."

"ಹೋದ್ ವರ್ಷ! ಹಾಗಾದ್ರೆ ಈ ಲೆನ್ಸು? ಹದಿನೈದು ಹದಿನೈದು ದಿನ ಹೊತ್ಕೊಂಡ್ ಹೋಗಿ ಏನ್ ಮಾಡ್ತಿದ್ದೆ?"

"ಬೀರುವಲ್ಲಿ ಇಟ್ಟಿರ್ತಿದ್ದೆ. ಜೋಪಾನವಾಗೇ ಇತ್ತು."

"ಬೀರುವಲ್ಲಿ! ಅಲ್ಲಯ್ಯಾ, ಗುಡ್ಡದ ತುದೀಲಿ ಹದ್ದಿನ ಮರಿ ಮೊದಲ್ನೇ ಸಲ ರೆಕ್ಕೆ ಬಿಚ್ಚಿದಾಗ ನಿನ್ ಸರದಿ ಅಂತ ಬರಿಗೈಲಿ ನಿಂತು ನೋಡ್ದೆ ನಾನು. ಬರಿಗೈಲಿ! ಆಗ ಇದು ನಿನ್ ಕೋಟು ಟೋಪಿ ಜೊತೆ ಮಲ್ಗಿತ್ತಾ?"

"ತಪ್ಪಾಯ್ತು," ಅಂದ.

ಸಿಟ್ಟಿನಲ್ಲಿ ಅವನ ಹಳೆಯ ಕ್ಯಾಮೆರಾವನ್ನು ಕಿತ್ತುಕೊಂಡು ಹಿಂದಿನ ಪರದೆಯನ್ನು ತೆರೆದೆ. ಒಂದಾದರೂ ಹಕ್ಕಿ ತೆಗೆದಿದ್ದಾನೋ ನೋಡೋಣವೆಂದು ಹಿಂದಕ್ಕೆ ಹಿಂದಕ್ಕೆ ಒತ್ತುತ್ತಾ ಹೋದೆ. ಒಂದು ಹಕ್ಕಿಯೂ ಇರಲಿಲ್ಲ. ಬಟ್ಟೆಯ ತಂತಿ, ಅದರ ಪಕ್ಕ ನಾನು. ಮಳೆಯಂಗಿ ಹಾಕಿಕೊಂಡ ನಾನು. ತಲೆಗೆ ಟವಲು ಸುತ್ತಿಕೊಂಡ ನಾನು. ಯಾವುದೋ ನೊಣಕ್ಕೆ ಕೈ ಬೀಸುತ್ತಿರುವ ನಾನು. ಬಾಯಿ ತೆರೆದು ಅವನನ್ನು ಬೈಯುತ್ತಿರುವ ನಾನು. ಇಡೀ ಒಂದು ವರ್ಷದ ಭಾನುವಾರಗಳು, ಬೇರೆ ಏನೂ ಇಲ್ಲ. ಅಳಿಸಿಹಾಕಬೇಕಾದ ಪರೀಕ್ಷೆಯ ಫೋಟೋಗಳು ಅವು. ಒಂದನ್ನೂ ಅಳಿಸಿರಲಿಲ್ಲ.

ನನ್ನ ಸಿಟ್ಟು ಎಲ್ಲಿ ಹೋಯಿತೋ. ಕೂತುಕೊಂಡೆ.

"ಯಾಕೆ ಹೇಳ್ಲಿಲ್ಲ ಮರ್ವ್?"

"ಹೇಳಿದ್ರೆ ಲೆನ್ಸ್ ನಿಂದೇ ಆಗ್ತಿತ್ತು."

"ಆಗ್ಲಿ, ಅದಕ್ಕೇನು?"

"ಆಮೇಲೆ ನಾನು ಏನಂತ ಬರೋದು?" ಅಂದ. ಆವತ್ತು ಮೊದಲ ಸಲ ಕಿಟಕಿಯನ್ನು ಬಿಟ್ಟು ನನ್ನನ್ನು ನೋಡಿದ. "ನೀನೇ ಅಂದಿದ್ದೆ. ಊರ ಹಾಲ್‌ನಲ್ಲಿ, ಎಲ್ಲಾರ ಎದುರಿಗೆ. ಕೆಲ್ಸ ಇಲ್ದೆ ಯಾವ ಗಂಡಸೂ ನನ್ ಗೇಟು ತೆಗೀಬಾರ್ದು ಅಂತ."

ಹೌದು, ಅಂದಿದ್ದಿರಬೇಕು. ಗಂಡ ಹೋದ ಹೊಸತರಲ್ಲಿ ಸೂರು ರಿಪೇರಿ ಮಾಡಿಕೊಡುತ್ತೇನೆ, ಸೌದೆ ಒಡೆದುಕೊಡುತ್ತೇನೆ ಎಂದು ಹಲ್ಲು ಕಿರಿದುಕೊಂಡು ಬರುತ್ತಿದ್ದವರಿಗೆ ಅಂದ ಮಾತು. ನನಗೆ ಮರೆತೇ ಹೋಗಿತ್ತು.

"ನಿನಗಲ್ಲ ಕಣೋ ಅಂದಿದ್ದು!"

"ನಾನೂ ಗಂಡಸೇ ಅಲ್ವಾ," ಅಂದ, ಬಹಳ ಮೆಲ್ಲಗೆ.

ನಾನು ಏನಾದರೂ ಹೇಳಬೇಕಿತ್ತು. ಹೇಳುವುದಕ್ಕೆ ಮುಂಚೆಯೇ ಅವನಿಗೆ ಉತ್ಸಾಹ ಬಂದುಬಿಟ್ಟಿತು. ಕುರ್ಚಿಯ ತುದಿಗೆ ಸರಿದು ಹೇಳಿದ, "ಗ್ಲೆನ್, ನೀನೂ ಕೆಂಪಿಗೇ ಬಾ. ನನ್ ಹತ್ರ ಹಗುರದ ಉದ್ದದ್ದು ಒಂದಿದೆ. ಇಬ್ರೂ ಇಟ್ಕೊಳ್ಳೋಣ. ಹದಿನೈದು ದಿನ ನಂಗೆ, ಹದಿನೈದು ದಿನ ನಿಂಗೆ. ಹಿಂಗೇ, ಭಾನುವಾರ. ಏನಂತೀಯ?"

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಸುಲಭವಿತ್ತು. ಅದೇ ಕಿಟಕಿ, ಅದೇ ಪೈ. ಇನ್ನೂ ಹಲವಾರು ವರ್ಷ ನಮ್ಮಿಬ್ಬರ ನಡುವೆ ಮೇಜಿನ ಮೇಲೆ ಒಂದು ಲೆನ್ಸು ಮಲಗಿರುತ್ತದೆ, ನಾವು ಅದರ ಆ ಕಡೆಗೊಬ್ಬರು ಈ ಕಡೆಗೊಬ್ಬರು ಕೂತು ಹಕ್ಕಿಯ ಮಾತಾಡುತ್ತಾ ಮುದುಕರಾಗುತ್ತೇವೆ. ಹದಿನೈದು ದಿನ ಕಾಯುವುದು ನನಗೆ ಸಾಕಾಗಿತ್ತು. ನನಗೆ ಎಲ್ಲ ದಿನವೂ ಬೇಕಿತ್ತು.

"ಬೇಡ," ಅಂದೆ.

ಅಷ್ಟೇ ಹೊರಬಂದದ್ದು. ಊರಿಗೇ ಕೇಳುವ ಹಾಗೆ ಬೈಯುವವಳಿಗೆ ಬೇಕಾದ ಒಂದು ಮಾತು ಬಾಯಿಗೆ ಬರಲಿಲ್ಲ. ಮರ್ವ್ ತಲೆಯಾಡಿಸಿದ. ಪೈ ಮುಟ್ಟಲಿಲ್ಲ. ಹಳೆಯ ಕ್ಯಾಮೆರಾವನ್ನು ಚೀಲಕ್ಕೆ ಹಾಕಿಕೊಂಡು, ಲೆನ್ಸನ್ನು ಮೇಜಿನ ಮೇಲೇ ಬಿಟ್ಟು, "ಅದನ್ನ ಏನ್ ಬೇಕಾದ್ರೂ ಮಾಡ್ಕೋ, ನನ್ ಪಾಲು ಅಂತ ತಲೆ ಕೆಡಿಸ್ಕೋಬೇಡ," ಎಂದು ಹೋದ. ಅವನ ಯೂಟ್ ಗಾಡಿ ತಿರುವಿನಲ್ಲಿ ಮರೆಯಾಗುವ ತನಕ ನಾನು ಬಾಗಿಲಲ್ಲಿ ಕಂಬದ ಹಾಗೆ ನಿಂತಿದ್ದೆ.

ವಾರದ ನಡುವೆ ಬರ್ನಿಗೆ ಹೋಗಿ ಲೆನ್ಸನ್ನು ಕೊಟ್ಟುಬಿಟ್ಟೆ, ನೀಲಿಯದನ್ನು ತೆಗೆದುಕೊಂಡೆ. ಮರ್ವ್‌ನ ಪಾಲನ್ನು ಅವನ ಬ್ಯಾಂಕಿಗೇ ಹಾಕಿಸಿದೆ. ಲ್ಯಾಕ್ಲನ್ ಒಂದು ಮಾತು ಕೇಳಿದ, "ನಿಮ್ ಸ್ನೇಹಿತರು ಕೆಂಪಿನವರು ಅಂದ್ರಲ್ಲ, ನೀವೂ ಕೆಂಪೇ ತಗೊಂಡಿದ್ರೆ ಲೆನ್ಸು ಹಂಚ್ಕೋಬೋದಿತ್ತು. ಅದೂ ಹಗುರಾನೇ."

"ಅದಕ್ಕೇ ಬೇಡ ಅಂದಿದ್ದು," ಅಂದೆ. "ಅವನ ಒಂದು ಸಾಮಾನೂ ನನ್ನದಕ್ಕೆ ಕೂರಬಾರ್ದು."

ಪಾಪ, ನಾವು ಜಗಳವಾಡಿಕೊಂಡಿದ್ದೇವೆ ಎಂದುಕೊಂಡ. ಮಾತು ಬೆಳೆಸದೆ ಡಬ್ಬಿ ಕಟ್ಟಿಕೊಟ್ಟ.

ಕೆಲಸವಿದ್ದರೆ ಮಾತ್ರ ಬರುವವನಿಗೆ ಇನ್ನು ನನ್ನ ಹತ್ತಿರ ಯಾವ ಕೆಲಸವೂ ಇಲ್ಲದ ಹಾಗೆ ಮಾಡಿದ್ದೆ. ಹಾಗಾದರೂ ಬಂದರೆ, ಅದು ನನಗೋಸ್ಕರ ಬಂದ ಹಾಗೆ. ಅಂಗಡಿಯಲ್ಲಿ ಇದು ಬಹಳ ಜಾಣತನವೆನಿಸಿತ್ತು. ಸರದಿಯ ಭಾನುವಾರ ಬರುವಷ್ಟರಲ್ಲಿ ಹೆಡ್ಡತನವೆನಿಸತೊಡಗಿತು. ಪೈ ಬೇಯಿಸಿದೆ. ಹೊಸ ಕ್ಯಾಮೆರಾ ಮೇಜಿನ ಮೇಲಿತ್ತು, ಮುಟ್ಟಲಿಲ್ಲ. ಗಾಳಿ ಪೂರ್ತಿ ಬಿದ್ದುಹೋಗಿತ್ತು, ರಸ್ತೆಯಲ್ಲಿ ಯಾವ ಗಾಡಿ ಬಂದರೂ ದೂರದಿಂದಲೇ ಕೇಳುತ್ತಿತ್ತು. ಹಾಲಿನವನ ಗಾಡಿ. ಪ್ರವಾಸಿಗಳ ಕಾರು. ನೋಲೀನ್ ಕೂಡ ಆವತ್ತು ಫೋನು ಮಾಡಲಿಲ್ಲ. ಪೈ ಆರಿತು. ಮಧ್ಯಾಹ್ನ ಇಳಿಯತೊಡಗಿತು. ಎಷ್ಟೋ ವರ್ಷಗಳಲ್ಲಿ ಮೊದಲ ಸಲ ಅವನ ಸರದಿಯ ಭಾನುವಾರ ಅವನಿಲ್ಲದೆ ಕಳೆಯುತ್ತಿತ್ತು.

ಆಗ ಹೊಳೆಯಿತು. ಇಷ್ಟು ವರ್ಷ ಬಂದದ್ದೆಲ್ಲ ಅವನೇ. ಮಳೆಯಲ್ಲಿ, ಗಾಳಿಯಲ್ಲಿ, ಏಳದ ಹೆಗಲಿನ ಮೇಲೆ ತನಗೆ ಬೇಡವಾದ ಭಾರವನ್ನು ಹೊತ್ತುಕೊಂಡು ಬಂದ. ನಾನು ಒಂದು ದಿನವಾದರೂ ಅವನ ಗೇಟು ಮುಟ್ಟಿದ್ದೇನೆಯೇ? ಕಾಯುವುದೇ ದೊಡ್ಡ ಸಾಹಸವೆಂದುಕೊಂಡು ಕೂತಿದ್ದೆ.

ಏಪ್ರನ್ ಬಿಚ್ಚಿದೆ. ಪೈಯನ್ನು ಕಟ್ಟಿಕೊಳ್ಳಲು ಹೋಗಿ, ಬೇಡವೆಂದು ಅಲ್ಲೇ ಬಿಟ್ಟೆ. ಅದೂ ಒಂದು ನೆಪವೇ. ಕ್ಯಾಮೆರಾವನ್ನೂ ಬಿಟ್ಟೆ. ನಡೆದುಕೊಂಡೇ ಹೋದೆ. ಬಂದರಿನ ಹತ್ತಿರ ಕಡಲಹದ್ದು ಎಷ್ಟು ಕೆಳಗೆ ಸುತ್ತುತ್ತಿತ್ತೆಂದರೆ ಅದರ ಕೊಕ್ಕು ಬರಿಗಣ್ಣಿಗೇ ಕಾಣುತ್ತಿತ್ತು. ಹಾಳಾಗಿ ಹೋಗಲಿ ಎಂದುಕೊಂಡು ಮುಂದೆ ನಡೆದೆ.

ಮರ್ವ್‌ನ ಮನೆ ಬಂದರಿನಾಚೆ ಕೊನೆಯದು. ಬಾಗಿಲು ಬಡಿದೆ. ತೆಗೆದ. ಗಡ್ಡ ಕೆರೆದಿರಲಿಲ್ಲ, ಕಾಲಿಗೆ ಒಂದೇ ಕಾಲುಚೀಲವಿತ್ತು. ನನ್ನನ್ನು ನೋಡಿ, ನನ್ನ ಕೈಗಳನ್ನು ನೋಡಿ, ಬೆನ್ನಹಿಂದೆ ಏನಾದರೂ ಇದೆಯೋ ಎಂದು ಇಣುಕಿ ನೋಡಿದ.

"ಗ್ಲೆನ್? ದುಡ್ಡು ಬಂತು, ಬ್ಯಾಂಕಿಗೆ. ಎಲ್ಲಾ ಸರಿಯಾಗೇ ಇದೆ," ಅಂದ ಗಾಬರಿಯಲ್ಲಿ. "ಏನಾದ್ರೂ ಕೆಲ್ಸ ಇತ್ತಾ?"

"ಏನಿಲ್ಲ," ಅಂದೆ. "ಸುಮ್ನೆ ಬಂದೆ."